ಮುಗಿಯದ ಆಟಕ್ಕೆ ಮತ್ತೆ ಮತ್ತೆ ಏಕೆ ಮರಳುತ್ತೇವೆ? ಮೈನ್‌ಕ್ರಾಫ್ಟ್ ಮತ್ತು ಅದರ ಬಳಗದ ಬಗ್ಗೆ

ಹೆಂಚಿನಮನೆ · ಶನಿವಾರ ರಾತ್ರಿ

ಹಳೆಯ ಹಾರ್ಡ್ ಡಿಸ್ಕ್ ಒಂದನ್ನು ಅಳಿಸಿ ತಮ್ಮನಿಗೆ ಕೊಡೋಣವೆಂದು ಇವತ್ತು ಮಧ್ಯಾಹ್ನ ತೆಗೆದೆ. ಅದರೊಳಗೆ 2013ರಲ್ಲಿ ನಾನು ಶುರು ಮಾಡಿದ್ದ ಮೈನ್‌ಕ್ರಾಫ್ಟ್ ಲೋಕವೊಂದು ಸಿಕ್ಕಿತು. ಬ್ಲಾಕ್ ಎಂಬ ಘನಗಳನ್ನು ಅಗೆದು, ಜೋಡಿಸಿ ಬೇಕಾದ್ದನ್ನು ಕಟ್ಟುವ ಆಟ ಅದು. ಅಳಿಸುವ ಕೆಲಸ ಅಲ್ಲಿಗೇ ನಿಂತಿತು.

ಆಗಿನ ಆವೃತ್ತಿಯಲ್ಲೇ ತೆರೆದೆ. ನಾನು ನಿಂತಿದ್ದುದು ಒಂದು ಸುರಂಗದಲ್ಲಿ, ಕೈಯಲ್ಲಿ ಅರ್ಧ ಸವೆದ ಕಬ್ಬಿಣದ ಪಿಕಾಸಿ. ಆ ಸುರಂಗ ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ಪೂರ್ತಿ ಮರೆತಿತ್ತು. ಆದರೆ ಪಂಜುಗಳೆಲ್ಲ ಒಂದೇ ಬದಿಯ ಗೋಡೆಗಿದ್ದವು. ಆಗ ನೆನಪಾಯಿತು. ಗಣಿಗೆ ಇಳಿಯುವಾಗ ಎಡಗಡೆಯ ಗೋಡೆಗೆ ಮಾತ್ರ ಪಂಜು ಸಿಕ್ಕಿಸುವುದು ನನ್ನ ರೂಢಿ. ಅವು ಬಲಕ್ಕೆ ಬರುವಂತೆ ತಿರುಗಿ ನಡೆದರೆ ಅದೇ ಮನೆಯ ದಾರಿ. ಹಾಗೆಯೇ ನಡೆದೆ. ಏಣಿ ಹತ್ತಿ ಮೇಲೆ ಬಂದರೆ ಎದುರಿಗೇ ಮನೆ!

ಇಳಿಜಾರು ಮಾಡು, ಮುಂದೆ ಜಗಲಿ. ಮಂಗಳೂರು ಹೆಂಚಿನ ಬಣ್ಣ ಬರಬೇಕೆಂದು ಮಾಡಿಗೆಲ್ಲ ಇಟ್ಟಿಗೆಯ ಮೆಟ್ಟಿಲು ಬ್ಲಾಕ್ ಹೊದಿಸಿದ್ದೆ. ಆಡಿದವರಿಗೆ ಅದರ ಕಷ್ಟ ಗೊತ್ತು. ನೀರಿನಡಿಯ ಜೇಡಿಮಣ್ಣು ಅಗೆಯಬೇಕು, ಉಂಡೆಗಳನ್ನು ಕುಲುಮೆಯಲ್ಲಿ ಸುಡಬೇಕು. ನಾಲ್ಕು ಇಟ್ಟಿಗೆ ಸೇರಿದರೆ ಒಂದು ಬ್ಲಾಕ್, ಅಂಥ ಆರು ಬ್ಲಾಕಿಗೆ ನಾಲ್ಕೇ ಮೆಟ್ಟಿಲು. ಒಂದೊಂದು ಹೆಂಚಿನ ಹಿಂದೆ ಆರು ಉಂಡೆ ಮಣ್ಣು. ಆ ಮಾಡನ್ನು ನೋಡುತ್ತಾ ಎಷ್ಟು ಹೊತ್ತು ಕಳೆಯಿತೋ ತಿಳಿಯಲಿಲ್ಲ.

ಇಷ್ಟು ವರ್ಷಗಳಲ್ಲಿ ದೊಡ್ಡ ದೊಡ್ಡ ಕಥೆಯ ಆಟಗಳನ್ನು ಕೊಂಡಿದ್ದೇನೆ, ಕೊನೆಮುಟ್ಟಿಸಿದ್ದೇನೆ, ಮೆಚ್ಚಿದ್ದೇನೆ. ಒಂದಕ್ಕೂ ಹಿಂದಿರುಗಿ ಹೋಗಬೇಕೆನಿಸಿಲ್ಲ. ಇದಕ್ಕೆ ಕಥೆಯಿಲ್ಲ, ಗುರಿಯಿಲ್ಲ, ಚಿತ್ರಗಳೋ ದಪ್ಪ ಚೌಕಗಳು. ಆದರೂ ಕರೆಯುತ್ತದೆ. ಏಕೆ? ನಿಮ್ಮ ಅನುಭವ ಹೇಳಿ.

ಕತ್ತಲಕಾನು · ಶನಿವಾರ ರಾತ್ರಿ

ನನ್ನ ಉತ್ತರ ಒಂದೇ ಪದ: ರಾತ್ರಿ.

ಆಟದ ಒಂದು ದಿನಕ್ಕೆ ನಮ್ಮ 20 ನಿಮಿಷ. ಅದರಲ್ಲಿ ಹಗಲು 10 ನಿಮಿಷ. ಮೊದಲ ಸಲ ಆಡಿದ ದಿನ ಆ ಹತ್ತು ನಿಮಿಷವನ್ನು ನಾನು ಹೂವು ಕೀಳುತ್ತಾ, ಕುರಿ ಅಟ್ಟುತ್ತಾ ಕಳೆದುಬಿಟ್ಟೆ. ಕತ್ತಲಾಯಿತು. ಎಲ್ಲೋ ನರಳಿದ ಸದ್ದು. ಓಡಿಹೋಗಿ ಗುಡ್ಡದ ಮಗ್ಗುಲನ್ನು ಬರಿಗೈಯಲ್ಲಿ ಕೊರೆದು ಒಳಗೆ ಕೂತು, ಬಾಯಿಗೆ ಎರಡು ಮಣ್ಣಿನ ಬ್ಲಾಕ್ ಮುಚ್ಚಿಕೊಂಡೆ. ಪಂಜಿಗೆ ಇದ್ದಿಲು ಇಲ್ಲ, ಆದ್ದರಿಂದ ಬೆಳಕಿಲ್ಲ. ಪರದೆ ಪೂರ್ತಿ ಕಪ್ಪು. ಏಳೆಂಟು ನಿಮಿಷ ಕೇಳಿಸಿಕೊಳ್ಳುವುದೊಂದೇ ಕೆಲಸ. ಬೆಳಗಾಯಿತೇನೋ ಎಂದು ಮೇಲಿನ ಬ್ಲಾಕ್ ತೆಗೆದು ಇಣುಕಿದರೆ ಒಂದು ಹಸಿರು ಮುಖ ನನ್ನನ್ನೇ ನೋಡುತ್ತಿತ್ತು.

ಆ ಹಸಿರು ಮುಖದ ಜೀವಿಯ ಹೆಸರು ಕ್ರೀಪರ್. ಅದು ಹುಟ್ಟಿದ ಬಗೆಯೂ ಸೊಗಸಾಗಿದೆ. ಆಟದ ಕರ್ತೃ ಮಾರ್ಕಸ್ ಪರ್ಸನ್ ಹಂದಿಯ ಆಕಾರ ಮಾಡುವಾಗ ಉದ್ದ ಮತ್ತು ಎತ್ತರದ ಅಳತೆಗಳನ್ನು ಅದಲುಬದಲು ಮಾಡಿಕೊಂಡರು. ಹಂದಿ ಎದ್ದುನಿಂತ ಕಂಬದಂತಾಯಿತು. ಆ ತಪ್ಪಿಗೆ ಹಸಿರು ಬಣ್ಣ ಬಳಿದು ಆಟದೊಳಗೆ ಬಿಟ್ಟರು. ಇವತ್ತು ಆಟ ಆಡದವರೂ ಆ ಮುಖವನ್ನು ಗುರುತಿಸುತ್ತಾರೆ.

ಮರುದಿನ ನಾನು ಕಟ್ಟಿದ್ದು ನಾಲ್ಕು ಗೋಡೆಯ, ಕಿಟಕಿಯಿಲ್ಲದ ಡಬ್ಬ. ಎರಡನೆಯ ರಾತ್ರಿ ಅದರೊಳಗೆ ಪಂಜು ಹಚ್ಚಿಕೊಂಡು, ಹೊರಗಿನ ಅದೇ ನರಳಿಕೆಯನ್ನು ಕೇಳುತ್ತಾ ನಿಂತಾಗ ಆದ ನೆಮ್ಮದಿ ಬೇರೆ ಯಾವ ಆಟದಲ್ಲೂ ಸಿಕ್ಕಿಲ್ಲ. ಆ ಗೋಡೆಗೆ ಬೆಲೆ ತಂದದ್ದು ಹಿಂದಿನ ರಾತ್ರಿ.

ದಾವಣಗೆರೆಯವನು · ಶನಿವಾರ ರಾತ್ರಿ

ರಾತ್ರಿಯ ಮಾತು ಸರಿ. ಅದರ ಜೊತೆಗೆ, ಆಟ ನಮಗೆ ಏನನ್ನೂ ಹೇಳಿಕೊಡುತ್ತಿರಲಿಲ್ಲ ಎಂಬುದೂ ಇದೆ. ಆಟದ ವಸ್ತುಗಳನ್ನು ತಯಾರಿಸುವ ಬಗೆ ಹೇಳುವ, ಪಾಕಪಟ್ಟಿಯಂಥ ಪುಸ್ತಕವೊಂದು ಆಟದೊಳಗೇ ಬಂದದ್ದು 2017ರಲ್ಲಿ. ಅದಕ್ಕೂ ಮೊದಲು ಯಾವ ಚೌಕದಲ್ಲಿ ಏನಿಟ್ಟರೆ ಏನಾಗುತ್ತದೆಂಬುದು ಬಾಯಿಂದ ಬಾಯಿಗೆ ಬರಬೇಕಿತ್ತು, ಇಲ್ಲವೇ ಅಂತರಜಾಲದಲ್ಲಿ ಹುಡುಕಬೇಕಿತ್ತು. ಹಾಸ್ಟೆಲಿನಲ್ಲಿ ನಮ್ಮ ಹಿರಿಯ ವಿದ್ಯಾರ್ಥಿಯೊಬ್ಬರು ಪರೀಕ್ಷೆಯ ಟಿಪ್ಪಣಿ ಪುಸ್ತಕದ ಹಿಂಬದಿಯಲ್ಲಿ ಮೂರು ಮೂರು ಚೌಕ ಗೆರೆ ಹಾಕಿ ಕೊಡಲಿ, ಗುದ್ದಲಿ, ದೋಣಿ, ಹಾಸಿಗೆ ಎಲ್ಲವನ್ನೂ ಬರೆದಿಟ್ಟಿದ್ದರು. ಆ ಹಾಳೆಗಳನ್ನು ನಾವು ಕೈಯಲ್ಲೇ ನಕಲು ಮಾಡಿಕೊಂಡೆವು. ನನ್ನ ಪ್ರತಿ ಇನ್ನೂ ಇದೆ.

ಜಗತಿ · ಭಾನುವಾರ ಬೆಳಿಗ್ಗೆ

ಕತ್ತಲಕಾನು ಅವರ ಮಾತನ್ನು ನಾನು ಒಪ್ಪುವುದಿಲ್ಲ. ನಾನು ವೃತ್ತಿಯಲ್ಲಿ ವಾಸ್ತುಶಿಲ್ಪಿ. ಹತ್ತು ವರ್ಷದಿಂದ ಆಡುತ್ತಿರುವುದು ಕ್ರಿಯೇಟಿವ್ ಬಗೆಯಲ್ಲಿ ಮಾತ್ರ. ಅಲ್ಲಿ ಸಾವಿಲ್ಲ, ಹಸಿವಿಲ್ಲ, ಎಲ್ಲ ಬ್ಲಾಕುಗಳೂ ಲೆಕ್ಕವಿಲ್ಲದಷ್ಟು ಸಿಗುತ್ತವೆ. ನಿಮ್ಮ ವಾದ ನಿಜವಾಗಿದ್ದರೆ ನಾನು ಒಂದು ವಾರದಲ್ಲಿ ಬೇಸತ್ತು ಬಿಡಬೇಕಿತ್ತು.

ನನ್ನನ್ನು ಹಿಡಿದಿಟ್ಟಿರುವುದು ಬ್ಲಾಕಿನ ಹಟಮಾರಿತನ. ಅದು ಒಂದು ಮೀಟರಿನ ಘನ. ಓರೆಯಾಗಿ ತಿರುಗುವುದಿಲ್ಲ. ಎರಡು ವರ್ಷದ ಹಿಂದೆ ಸೋಮನಾಥಪುರದ ಕೇಶವ ದೇವಾಲಯವನ್ನು ಕಟ್ಟಲು ಕೈಹಾಕಿದೆ. ಹೊಯ್ಸಳರ ನಕ್ಷತ್ರಾಕಾರದ ತಳವಿನ್ಯಾಸ ಹುಟ್ಟುವುದೇ ಒಂದು ಚೌಕವನ್ನು ಅದರ ನಡುಬಿಂದುವಿನ ಸುತ್ತ ತಿರುಗಿಸುತ್ತಾ ಹೋಗುವುದರಿಂದ. ಸೋಮನಾಥಪುರದಲ್ಲಿ ಹದಿನಾರು ಮೂಲೆಯ ನಕ್ಷತ್ರ. ತಿರುಗದ ಬ್ಲಾಕಿನಿಂದ ತಿರುಗಿಸಿದ ಚೌಕವನ್ನು ತೋರಿಸುವುದು ಹೇಗೆ? ನಿಜದ ಅಳತೆಯಲ್ಲಿ ಕಟ್ಟಿದರೆ ಮೂಲೆಗಳೆಲ್ಲ ಒಂದು ಬ್ಲಾಕಿನೊಳಗೇ ಮುಳುಗಿಹೋಗುತ್ತವೆ. ಮೂರು ಪಟ್ಟು ಹಿಗ್ಗಿಸಿದೆ. ಆದರೂ ಗೋಡೆ ಗರಗಸದಂತೆ ಕಂಡಿತು. ಕೊನೆಗೆ ಅರ್ಧ ಬ್ಲಾಕು, ಮೆಟ್ಟಿಲು ಬ್ಲಾಕು, ಗೋಡೆ ಬ್ಲಾಕುಗಳನ್ನು ಒಂದರ ಪಕ್ಕ ಒಂದಿಟ್ಟು ನೆರಳು ಬೀಳುವ ಬಗೆಯನ್ನು ಬದಲಿಸಿದಾಗ, ಹತ್ತಿರದಿಂದ ಅಲ್ಲದಿದ್ದರೂ ಇಪ್ಪತ್ತು ಹೆಜ್ಜೆ ದೂರದಿಂದ ನಕ್ಷತ್ರ ಕಂಡಿತು. ಬಳಪದ ಕಲ್ಲಿನ ಬಣ್ಣಕ್ಕೂ ಬಹಳ ಕಾಲ ಪರದಾಡಿದ್ದೆ. 2024ರ 1.21 ಆವೃತ್ತಿಯಲ್ಲಿ ಟಫ್ ಕಲ್ಲಿನ ನಯಗೊಳಿಸಿದ ಮತ್ತು ಕೆತ್ತಿದ ಬ್ಲಾಕುಗಳು ಬಂದ ದಿನ, ಕಟ್ಟಿ ಮುಗಿಸಿದ್ದ ಜಗತಿಯನ್ನು, ಅಂದರೆ ದೇವಾಲಯ ನಿಲ್ಲುವ ಎತ್ತರದ ಪೀಠವನ್ನು, ಪೂರ್ತಿ ಕಿತ್ತು ಮತ್ತೆ ಕಟ್ಟಿದೆ. ಬೂದಿಗೆ ತುಸು ಹಸಿರು ಬೆರೆತ ಆ ಬಣ್ಣ ಅಷ್ಟು ಚೆನ್ನಾಗಿ ಒಪ್ಪುತ್ತದೆ.

ಬ್ಲಾಕು ಒಂದು ಮೀಟರ್ ಆಗಿರುವುದರ ಪ್ರಯೋಜನ ದೊಡ್ಡದು. ಡೆನ್ಮಾರ್ಕಿನ ಸರ್ಕಾರಿ ಭೂದತ್ತಾಂಶ ಇಲಾಖೆ 2014ರಲ್ಲಿ ಇಡೀ ದೇಶವನ್ನು ನಿಜದ ಅಳತೆಯಲ್ಲೇ ಮೈನ್‌ಕ್ರಾಫ್ಟಿಗೆ ಇಳಿಸಿತು. ವಿಶ್ವಸಂಸ್ಥೆಯ ವಸತಿ ಕಾರ್ಯಕ್ರಮವು ಆಟದ ಕಂಪನಿ ಮೊಜಾಂಗ್ ಜೊತೆ ಸೇರಿ 2012ರಿಂದ ‘ಬ್ಲಾಕ್ ಬೈ ಬ್ಲಾಕ್’ ಎಂಬ ಯೋಜನೆ ನಡೆಸಿದೆ. ಬಡಾವಣೆಯ ಜನರೇ ತಮ್ಮ ಮೈದಾನ, ಬೀದಿ, ಪಾರ್ಕುಗಳನ್ನು ಆಟದಲ್ಲಿ ವಿನ್ಯಾಸ ಮಾಡಿ ತೋರಿಸುತ್ತಾರೆ. ನೀಲನಕ್ಷೆ ಓದಲು ಬಾರದವರು ಬ್ಲಾಕಿನ ಬೀದಿಯಲ್ಲಿ ನಡೆದಾಡಿ ‘ಇಲ್ಲಿ ದೀಪ ಬೇಕು’ ಎನ್ನಬಲ್ಲರು. ನನ್ನ ವೃತ್ತಿಯಲ್ಲಿ ಜನರಿಂದ ಆ ಒಂದು ಮಾತು ಹೊರಡಿಸುವುದು ಎಷ್ಟು ಕಷ್ಟ ಎಂಬುದನ್ನು ನಾನು ಬಲ್ಲೆ.

ಕತ್ತಲಕಾನು · ಭಾನುವಾರ ಬೆಳಿಗ್ಗೆ

ಜಗತಿ ಅವರೇ, ನಾನು ನನ್ನ ಮಾತನ್ನು ಸ್ವಲ್ಪ ತಿದ್ದಿಕೊಳ್ಳುತ್ತೇನೆ. ನನಗೆ ಅಡ್ಡ ನಿಂತದ್ದು ರಾತ್ರಿ, ನಿಮಗೆ ಅಡ್ಡ ನಿಂತದ್ದು ತಿರುಗದ ಬ್ಲಾಕು. ಈ ಬಗೆಯ ಆಟಗಳ ಬಗ್ಗೆ ಎಲ್ಲರೂ ‘ಸ್ವಾತಂತ್ರ್ಯ, ಸ್ವಾತಂತ್ರ್ಯ’ ಎನ್ನುತ್ತಾರೆ. ಆದರೆ ನಾವಿಬ್ಬರೂ ಹೇಳುತ್ತಿರುವುದು ಅಡ್ಡಿಯ ಬಗ್ಗೆ. ದೇವಾಲಯದ ಚಿತ್ರವಿದ್ದರೆ ದಯವಿಟ್ಟು ಹಾಕಿ.

ಕೆಂಪುಧೂಳು · ಭಾನುವಾರ ಮಧ್ಯಾಹ್ನ

ಮಂಡ್ಯದ ಕಡೆಯವನು, ಈಗ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ನನ್ನ ಹೆಸರೇ ಹೇಳುವಂತೆ ನಾನು ರೆಡ್‌ಸ್ಟೋನ್ ಹಿಂದೆ ಬಿದ್ದವನು. ತಿಳಿಯದವರಿಗೆ: ಅದು ಆಟದೊಳಗಿನ ವಿದ್ಯುತ್ತಿನಂಥದು. ನೆಲದ ಮೇಲೆ ಕೆಂಪು ಪುಡಿಯನ್ನು ಸಾಲಾಗಿ ಹಾಕಿದರೆ ತಂತಿ. ಸಂಕೇತ 15 ಬ್ಲಾಕಿನವರೆಗೆ ಹರಿದು ಸಾಯುತ್ತದೆ, ಮುಂದೆ ಒಯ್ಯಲು ರಿಪೀಟರ್ ಇಡಬೇಕು. ಬ್ಲಾಕಿಗೆ ಸಂಕೇತ ಬಂದರೆ ಅದಕ್ಕೆ ಅಂಟಿಸಿದ ರೆಡ್‌ಸ್ಟೋನ್ ಪಂಜು ಆರಿಹೋಗುತ್ತದೆ. ಬಂದ ಸಂಕೇತವನ್ನು ತಲೆಕೆಳಗು ಮಾಡುವ ಇದೇ ನಾಟ್ ಗೇಟ್. ಅದೇ ಬ್ಲಾಕಿಗೆ ಎರಡು ತಂತಿ ತಾಗಿಸಿದರೆ ನಾರ್ ಗೇಟ್: ಎರಡರಲ್ಲಿ ಯಾವುದರಿಂದ ಸಂಕೇತ ಬಂದರೂ ಪಂಜು ಆರುತ್ತದೆ. ನಾರ್ ಒಂದಿದ್ದರೆ ಸಾಕು, ಕಂಪ್ಯೂಟರಿನ ತರ್ಕವೆಲ್ಲವನ್ನೂ ಅದರಿಂದಲೇ ಕಟ್ಟಬಹುದು, ಜನ ಕಟ್ಟಿಯೂ ಇದ್ದಾರೆ. ಬಿಳಿಹಲಗೆಯ ಮೇಲೆ ಗೇಟುಗಳ ಚಿತ್ರ ಬರೆದಾಗ ತೂಕಡಿಸುವ ಹುಡುಗರು, ಪಂಜು ಆರಿದ್ದನ್ನು ಕಂಡಾಗ ಎದ್ದು ಕೂರುತ್ತಾರೆ.

ಊರಿಗೆ ಹೋದಾಗ ಅಪ್ಪಾಜಿಗೆ ನನ್ನ ಕಬ್ಬಿನ ತೋಟ ತೋರಿಸಿದೆ. ಆಟದಲ್ಲಿ ಕಬ್ಬು ನೀರಿನ ಪಕ್ಕದಲ್ಲೇ ನಿಲ್ಲಬೇಕು, ಮೂರು ಬ್ಲಾಕ್ ಎತ್ತರಕ್ಕೆ ಬೆಳೆಯುತ್ತದೆ. ಮೂರನೆಯ ಗಣ್ಣು ಮೂಡಿದ್ದನ್ನು ಅಬ್ಸರ್ವರ್ ಎಂಬ ಕಾವಲು ಬ್ಲಾಕ್ ಗಮನಿಸಿ, ತಳ್ಳುವ ಬ್ಲಾಕಾದ ಪಿಸ್ಟನ್ನಿಗೆ ಹೇಳುತ್ತದೆ, ಪಿಸ್ಟನ್ ನಡುಗಣ್ಣನ್ನು ಮುರಿಯುತ್ತದೆ, ಬುಡ ಹಾಗೇ ಉಳಿದು ಮತ್ತೆ ಚಿಗುರುತ್ತದೆ. ಅಪ್ಪಾಜಿ ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು. “ಕೂಳೆ ಬೆಳೆ ಇದು” ಎಂದರು. ನನಗೆ ಅಲ್ಲಿಯವರೆಗೂ ಹೊಳೆದಿರಲಿಲ್ಲ. ಆಮೇಲೆ “ಒಂದು ಗಣ್ಣಿಗೆ ಎಷ್ಟು ದಿನ?” ಎಂದು ಕೇಳಿದರು. ಸುಮಾರು 18 ನಿಮಿಷ ಎಂದೆ. ಅವರು ಗದ್ದೆಯ ಕಡೆ ತಿರುಗಿ ಸುಮ್ಮನಾದರು. ಹನ್ನೆರಡು ತಿಂಗಳು ಕಾದು, ನೀರು ಕಟ್ಟಿ, ಕಾರ್ಖಾನೆಯ ಕಟಾವಿನ ಆದೇಶಕ್ಕೆ ಕಾದವರು ಅವರು. ಮಾಡಿದ ಕೆಲಸಕ್ಕೆ ಕಣ್ಣೆದುರೇ, ತಪ್ಪದೆ ಫಲ ಸಿಗುವ ಜಾಗ ಎಲ್ಲಾದರೂ ಇದ್ದರೆ ಮನುಷ್ಯ ಅಲ್ಲಿಗೆ ಹೋಗುತ್ತಾನೆ. ನನ್ನ ಪಾಲಿಗೆ ಈ ಆಟದ ಸೆಳೆತ ಅದೇ.

ಮೂರನೆಯಮಹಡಿ · ಭಾನುವಾರ ಸಂಜೆ

ನಾನು ಆಡುವವಳಲ್ಲ, ಆಡುವ ಮಗನ ತಾಯಿ. ಅವನಿಗೆ ಒಂಬತ್ತು ವರ್ಷ. ನೀವೆಲ್ಲ ಪ್ರೀತಿಯಿಂದ ಬರೆದದ್ದನ್ನು ಓದಿದೆ, ಸಂತೋಷವಾಯಿತು. ಆದರೆ ನನ್ನ ಮನೆಯ ಸಂಗತಿಯನ್ನೂ ಹೇಳಬೇಕು.

ಮುಗಿಯದ ಆಟ ಎಂದರೆ ನಿಲ್ಲಿಸುವ ಜಾಗವೇ ಇಲ್ಲದ ಆಟ. ಕ್ರಿಕೆಟಿಗೆ ಓವರ್ ಇದೆ, ಚೌಕಾಬಾರಕ್ಕೆ ಹಣ್ಣಾಗುವುದಿದೆ. ಇದಕ್ಕೆ “ಇನ್ನೊಂದೇ ಗೋಡೆ ಅಮ್ಮ” ಎಂಬುದು ರಾತ್ರಿ ಹತ್ತರವರೆಗೂ ಇರುತ್ತದೆ. ಬೇಸಿಗೆ ರಜೆಯಲ್ಲಿ ಅವನು ಯಾರೋ ನಡೆಸುವ ಸಾರ್ವಜನಿಕ ಸರ್ವರಿನಲ್ಲಿ ಒಂದು ತಿಂಗಳು ಮನೆ ಕಟ್ಟಿದ. ಒಂದು ಬೆಳಿಗ್ಗೆ ನೋಡಿದರೆ ಯಾರೋ ಅದನ್ನು ಸುಟ್ಟು, ಸಾಕಿದ ನಾಯಿಯನ್ನೂ ಕೊಂದಿದ್ದರು. ಊಟ ಬಿಟ್ಟು ಅತ್ತ. ಅದೊಂದು ಆಟ, ನಿಜವಲ್ಲ ಎಂದು ನಾನು ಹೇಳಿದ ಮಾತು ಅವನನ್ನು ಇನ್ನಷ್ಟು ನೋಯಿಸಿತು. ನಾನು ಹೇಗೆ ನಡೆದುಕೊಳ್ಳಬೇಕಿತ್ತು?

ದಾವಣಗೆರೆಯವನು · ಭಾನುವಾರ ಸಂಜೆ

ಮೊದಲು ಸರ್ವರ್ ವಿಚಾರ. ಗುರುತಿಲ್ಲದವರ ಸರ್ವರಿಗೆ ಮಗುವನ್ನು ಬಿಡಬೇಡಿ. ಅವನದೇ ಲೋಕ ಇರಲಿ, ಗುರುತಿನ ಇಬ್ಬರು ಮೂವರು ಗೆಳೆಯರಿಗೆ ಮಾತ್ರ ಬಾಗಿಲು ತೆರೆಯಲಿ. ಆ ಲೋಕದ ಕಡತವನ್ನು ವಾರಕ್ಕೊಮ್ಮೆ ನಕಲು ಮಾಡಿ ಇಡಿ. ಮನೆ ಸುಟ್ಟರೂ ಹಿಂದಿನ ವಾರದ ಮನೆ ಉಳಿದಿರುತ್ತದೆ.

ಕೆಂಪುಧೂಳು · ಭಾನುವಾರ ರಾತ್ರಿ

ನಿಲ್ಲಿಸುವ ಜಾಗದ ಬಗ್ಗೆ: ಗಡಿಯಾರ ತೋರಿಸಿದರೆ ಮಕ್ಕಳಿಗೆ ಕಿರಿಕಿರಿ, ಏಕೆಂದರೆ ಆಟದ ಕಾಲಕ್ಕೂ ಗಡಿಯಾರಕ್ಕೂ ಹೊಂದುವುದಿಲ್ಲ. ನನ್ನ ಅಕ್ಕನ ಮಕ್ಕಳಿಗೆ ‘ಎರಡು ಹಗಲು’ ಎಂದು ಹೇಳಿರುತ್ತೇನೆ. ಸೂರ್ಯ ಮುಳುಗಿದಾಗ ಹಾಸಿಗೆಯಲ್ಲಿ ಮಲಗುವುದು, ಎದ್ದು ಇನ್ನೊಂದು ಹಗಲು ಆಡುವುದು, ಎರಡನೆಯ ಬಾರಿ ಮಲಗಿ ಎದ್ದಕೂಡಲೇ ಹೊರಬರುವುದು. ಹಾಸಿಗೆಯಲ್ಲಿ ಮಲಗಿದರೆ ರಾತ್ರಿ ಒಂದೇ ಸಲಕ್ಕೆ ದಾಟುವುದರಿಂದ ಒಟ್ಟು 20 ನಿಮಿಷಕ್ಕೆ ತುಸು ಹೆಚ್ಚು. ಆಟದ ಸೂರ್ಯನ ಮಾತನ್ನು ಅವರು ಸುಲಭವಾಗಿ ಕೇಳುತ್ತಾರೆ.

ಜಗತಿ · ಭಾನುವಾರ ರಾತ್ರಿ

ಅವನು ಅತ್ತದ್ದು ಸರಿಯಾಗಿದೆ ಎಂದು ನನಗನ್ನಿಸುತ್ತದೆ. ಒಂದು ತಿಂಗಳ ಅವನ ದುಡಿಮೆ ನಿಜ, ಆ ಮನೆಯ ಬಾಗಿಲು ಎಲ್ಲಿರಬೇಕೆಂದು ಅವನು ಯೋಚಿಸಿದ್ದು ನಿಜ. ಅದು ಹೇಗಿತ್ತೆಂದು ಒಂದು ಹಾಳೆಯ ಮೇಲೆ ಬರೆದು ತೋರಿಸಲು ಹೇಳಿ. ಕೋಣೆಗಳು ಯಾವುವು, ನಾಯಿ ಎಲ್ಲಿ ಮಲಗುತ್ತಿತ್ತು, ಎಲ್ಲವನ್ನೂ ಕೇಳಿ. ಆ ನಕ್ಷೆ ಇಟ್ಟುಕೊಂಡು ಮತ್ತೆ ಕಟ್ಟುತ್ತಾನೆ. ನೀವೂ ಪಕ್ಕದಲ್ಲಿ ಕೂತು ಎರಡು ಗೋಡೆ ಕಟ್ಟಿ.

ಪಾತಾಳಕೋಟೆ · ಸೋಮವಾರ ರಾತ್ರಿ

ಕಳೆದುಕೊಳ್ಳುವ ಮಾತು ಬಂದದ್ದರಿಂದ ನನ್ನ ಆಟವನ್ನು ಹೇಳುತ್ತೇನೆ: ಡ್ವಾರ್ಫ್ ಫೋರ್ಟ್ರೆಸ್. ಟಾರ್ನ್ ಮತ್ತು ಜ್ಯಾಕ್ ಆಡಮ್ಸ್ ಎಂಬ ಅಣ್ಣತಮ್ಮಂದಿರು 2006ರಲ್ಲಿ ಜನರ ಮುಂದಿಟ್ಟು, ಅಲ್ಲಿಂದ ಇಲ್ಲಿಯವರೆಗೂ ಬೆಳೆಸುತ್ತಲೇ ಇರುವ ಆಟ. ಹದಿನಾರು ವರ್ಷ ಅದು ಬರೀ ಅಕ್ಷರಚಿಹ್ನೆಗಳಲ್ಲೇ ಇತ್ತು. ಚಿತ್ರಗಳಿರುವ ಆವೃತ್ತಿ ಆಟಗಳನ್ನು ಮಾರುವ ಸ್ಟೀಮ್ ಜಾಲತಾಣದಲ್ಲಿ ಬಂದದ್ದು 2022ರ ಡಿಸೆಂಬರಿನಲ್ಲಿ. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ 2012ರಲ್ಲಿ ಮೊದಲ ಬಾರಿಗೆ ಆಯ್ದುಕೊಂಡ 14 ವಿಡಿಯೊ ಆಟಗಳಲ್ಲಿ ಇದೂ ಒಂದು. ಮೈನ್‌ಕ್ರಾಫ್ಟಿಗೆ ಸ್ಫೂರ್ತಿಯಾದ ಆಟಗಳಲ್ಲೂ ಇದರ ಹೆಸರಿದೆ.

ಇದರಲ್ಲಿ ಗೆಲುವು ಎಂಬುದೇ ಇಲ್ಲ. ಕುಬ್ಜರ ಕೋಟೆಯೊಂದನ್ನು ನೆಲದಡಿ ಕಟ್ಟುತ್ತೀರಿ, ಒಂದಲ್ಲ ಒಂದು ಕಾರಣಕ್ಕೆ ಅದು ಅಳಿಯುತ್ತದೆ. ಆಡುವವರ ನುಡಿಯೇ ‘ಸೋಲುವುದರಲ್ಲೇ ಮಜಾ’ ಎಂಬುದು. ಒಮ್ಮೆ ಕೋಟೆಗಳಲ್ಲಿ ಬೆಕ್ಕುಗಳು ಸುಮ್ಮಸುಮ್ಮನೆ ಸಾಯತೊಡಗಿದವು. ಹುಡುಕಿದಾಗ ತಿಳಿದದ್ದು: ಪಾನಗೃಹದ ನೆಲದ ಮೇಲೆ ಚೆಲ್ಲಿದ ಮದ್ಯದಲ್ಲಿ ಬೆಕ್ಕು ನಡೆದಾಡುತ್ತದೆ, ಆಮೇಲೆ ಕಾಲು ನೆಕ್ಕಿಕೊಳ್ಳುತ್ತದೆ, ಹೊಟ್ಟೆಗೆ ಹೋದ ಮದ್ಯ ಅದರ ಪುಟ್ಟ ದೇಹಕ್ಕೆ ಹೆಚ್ಚಾಗುತ್ತದೆ. ಈ ಸಾವನ್ನು ಯಾರೂ ಬರೆದಿರಲಿಲ್ಲ. ಮದ್ಯ ಚೆಲ್ಲುವ ನಿಯಮ ಬೇರೆ, ಬೆಕ್ಕು ಮೈ ನೆಕ್ಕುವ ನಿಯಮ ಬೇರೆ, ಮೈತೂಕಕ್ಕೆ ತಕ್ಕಂತೆ ಅಮಲೇರುವ ನಿಯಮ ಬೇರೆ. ಮೂರೂ ಒಂದೆಡೆ ಕೂಡಿದವು. ಕಥೆ ಬರೆದ ಆಟ ಎರಡನೆಯ ಸಲಕ್ಕೂ ಅದನ್ನೇ ಹೇಳುತ್ತದೆ. ನಿಯಮ ಬರೆದ ಆಟ ಅದನ್ನು ಮಾಡಿದವರನ್ನೇ ಅಚ್ಚರಿಗೊಳಿಸುತ್ತದೆ.

ಹೊಗೆಗಂಡಿ · ಸೋಮವಾರ ರಾತ್ರಿ

ನಿಯಮದ ಮಾತಿಗೆ ಒಂದು ಸಣ್ಣ ಸೇರ್ಪಡೆ. 2021ರಲ್ಲಿ ಬಂದ ವ್ಯಾಲ್ಹೈಮ್ ಆಟದಲ್ಲಿ ಮನೆಯೊಳಗೆ ಬೆಂಕಿ ಹಾಕಿದರೆ ಹೊಗೆ ಮೇಲೇರಿ ಮಾಡಿನಡಿ ತುಂಬುತ್ತದೆ. ಹೊರಹೋಗಲು ದಾರಿಯಿಲ್ಲದಿದ್ದರೆ ಉಸಿರುಗಟ್ಟಿ ಜೀವ ಹೋಗುತ್ತದೆ. ಮೊದಲ ಮನೆಯಲ್ಲಿ ಸತ್ತೆ. ಎರಡನೆಯದಕ್ಕೆ ಮಾಡಿನ ನೆತ್ತಿಯನ್ನು ತುಸು ಎತ್ತಿ, ಮಳೆ ಒಳಬಾರದಂತೆ ಮೇಲೊಂದು ಪುಟ್ಟ ಮಾಡು ಹೊದಿಸಿದೆ. ಕಟ್ಟಿ ಮುಗಿಸಿ ನೋಡಿದರೆ ತೀರ್ಥಹಳ್ಳಿಯ ನಮ್ಮ ಅಜ್ಜಿಮನೆಯ ಅಡುಗೆಮನೆಯ ಮೇಲೆ ಇದ್ದದ್ದು ಅದೇ. ಅದು ಅಲ್ಲಿ ಏಕಿತ್ತೆಂದು ಅಲ್ಲಿಯವರೆಗೂ ನಾನು ಯೋಚಿಸಿರಲೇ ಇಲ್ಲ.

ದೂರದೂರು · ಮಂಗಳವಾರ

ಟೊರಾಂಟೊದಿಂದ. ನಾನು, ಸಾಗರದಲ್ಲಿರುವ ನನ್ನ ಅಕ್ಕ, ಇಬ್ಬರಿಗೂ ಒಂದೇ ಲೋಕವಿದೆ. ಐದು ವರ್ಷವಾಯಿತು. ಅವಳಿಗೆ ಬೆಳಗಾಗುವಾಗ ನನಗೆ ರಾತ್ರಿಯಾಗುತ್ತಿರುತ್ತದೆ, ಆದ್ದರಿಂದ ಇಬ್ಬರೂ ಒಟ್ಟಿಗೆ ಆಡಿದ್ದು ಬೆರಳೆಣಿಕೆಯಷ್ಟು ಸಲ. ನಾನು ಮಲಗಿರುವಾಗ ಅವಳು ಕಟ್ಟಿದ್ದನ್ನು ಎದ್ದು ನೋಡುತ್ತೇನೆ.

ಫಲಕಗಳ ಮೇಲೆ ಕನ್ನಡದಲ್ಲಿ ಬರೆದಿಡುತ್ತೇವೆ. ನಮ್ಮ ಪರದೆಯಲ್ಲಿ ಒತ್ತಕ್ಷರಗಳು ಸರಿಯಾಗಿ ಕೂಡುತ್ತಿರಲಿಲ್ಲ, ಬಿಡಿಬಿಡಿಯಾಗಿ ನಿಲ್ಲುತ್ತಿದ್ದವು. ‘ಅಕ್ಕ’ ಎಂದು ಬರೆದರೆ ನೋಡಲಾಗುತ್ತಿರಲಿಲ್ಲ. ಹೀಗಾಗಿ ಒತ್ತಕ್ಷರವೇ ಬಾರದ ಮಾತುಗಳನ್ನು ಹುಡುಕಿ ಬರೆಯುವ ಅಭ್ಯಾಸ ಬೆಳೆಯಿತು. “ಬಾಗಿಲು ಹಾಕಿರು. ಕುರಿ ಮೂರು ಇವೆ. ನದಿ ಆಚೆ ಹೋಗಬೇಡ.” ಕಳೆದ ಚಳಿಗಾಲದಲ್ಲಿ ಕೆಲಸ ಹೋಗಿ ಎರಡು ವಾರ ನಾನು ಆ ಕಡೆ ತಲೆ ಹಾಕಲಿಲ್ಲ. ಮತ್ತೆ ತೆರೆದಾಗ ನನ್ನ ಮನೆಯಿಂದ ಅವಳ ಮನೆಯವರೆಗೂ ಕಲ್ಲುಹಾಸಿನ ದಾರಿಯಾಗಿತ್ತು, ಹತ್ತು ಹೆಜ್ಜೆಗೊಂದು ದೀಪ. ಕೊನೆಯ ಫಲಕದಲ್ಲಿ “ದಾರಿ ಇದೆ. ಬಾ.” ಎಂದಿತ್ತು.

ದಾವಣಗೆರೆಯವನು · ಮಂಗಳವಾರ

ದೂರದೂರು ಅವರೇ, ಇದನ್ನು ಮನೆಯವರಿಗೆಲ್ಲ ಓದಿ ಹೇಳಿದೆ. ಭಾಷೆಯ ಮಾತು ಬಂದದ್ದರಿಂದ ಒಂದು ಸೂಚನೆ: ಕಂಪ್ಯೂಟರಿನಲ್ಲಿ ಆಡುವ ಮೈನ್‌ಕ್ರಾಫ್ಟ್ ಜಾವಾ ಆವೃತ್ತಿಯ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ಆಡುವವರೇ ಬಿಡುವಿನಲ್ಲಿ ಕೂತು ಅನುವಾದ ಮಾಡಿದ್ದು. ಕಲ್ಲು, ಮಣ್ಣು, ಮರಗೆಲಸ, ಕಮ್ಮಾರಿಕೆ ಇವುಗಳ ಪದಗಳನ್ನು ಬಲ್ಲವರು ಅಲ್ಲಿ ಕೈಜೋಡಿಸಬಹುದು. ಇಡೀ ಆಟವೇ ಆ ಕಸುಬುಗಳ ಮೇಲೆ ನಿಂತಿದೆ, ನಮ್ಮಲ್ಲಿ ಅವುಗಳ ಪದಗಳಿಗೆ ಬರವಿಲ್ಲ.

ಮೂರನೆಯಮಹಡಿ · ಬುಧವಾರ ರಾತ್ರಿ

ನಕ್ಷೆ ಬರೆಸಿದೆ. ನಾಯಿಗೆ ಬೇರೆಯೇ ಕೋಣೆಯಿತ್ತು, ಅದಕ್ಕೊಂದು ಕಿಟಕಿಯೂ ಇತ್ತು. ಇವತ್ತು ಎರಡು ಹಗಲು ಆಡಿದೆವು. ನಾನು ಕಟ್ಟಿದ ಗೋಡೆಯಲ್ಲಿ ಒಂದು ತೂತು ಉಳಿದಿತ್ತಂತೆ, ಅವನೇ ಮುಚ್ಚಿದ.

ಹೆಂಚಿನಮನೆ · ಗುರುವಾರ ರಾತ್ರಿ

ಎಲ್ಲರ ಬರಹಗಳನ್ನೂ ಎರಡೆರಡು ಸಲ ಓದಿದೆ. ಹಾರ್ಡ್ ಡಿಸ್ಕನ್ನು ತಮ್ಮನಿಗೆ ಕೊಡುತ್ತಿಲ್ಲ, ಅವನಿಗೆ ಹೊಸದನ್ನು ತಂದಿದ್ದೇನೆ.

ಲೋಕದ ನಕಲು ತೆಗೆದಿಟ್ಟು, ಅದನ್ನು ಈಗಿನ ಆವೃತ್ತಿಗೆ ಏರಿಸಿದೆ. 2013ರಲ್ಲಿ ನನ್ನ ಗಣಿಯ ಕೊನೆಯ ಮೆಟ್ಟಿಲು ಬೆಡ್‌ರಾಕಿನ ಮೇಲಿತ್ತು. ಅದು ಒಡೆಯದ ಬಂಡೆ, ಲೋಕದ ತಳ. ಅಲ್ಲಿ ತಳ ಮುಟ್ಟಿದ ಗುರುತಿಗೆ ಒಂದು ಪಂಜು ನೆಟ್ಟಿದ್ದೆ. 2021ರ ನವೆಂಬರಿನಲ್ಲಿ ಬಂದ 1.18 ಆವೃತ್ತಿ ಲೋಕದ ತಳವನ್ನು ಇನ್ನೂ 64 ಬ್ಲಾಕ್ ಕೆಳಕ್ಕೆ ಇಳಿಸಿತು. ಹಳೆಯ ಲೋಕಗಳಲ್ಲಿ ಜನ ಕಟ್ಟಿದ್ದನ್ನು ಮುಟ್ಟದೆ, ಆ ಬಂಡೆಯನ್ನಷ್ಟೇ ಅಗೆಯಬಹುದಾದ ಕಪ್ಪುಕಲ್ಲಾಗಿಸಿ ಅದರ ಕೆಳಗೆ ಹೊಸ ಗುಹೆಗಳನ್ನು ಹುಟ್ಟಿಸಿತು. ಇದನ್ನು ಓದಿ ತಿಳಿದಿದ್ದೆ, ಕಣ್ಣಾರೆ ಕಂಡಿರಲಿಲ್ಲ.

ಪಂಜು ಅಲ್ಲೇ ಉರಿಯುತ್ತಿತ್ತು. ಅದೇ ಅರ್ಧ ಸವೆದ ಪಿಕಾಸಿಯಿಂದ ಪಕ್ಕದ ಕಲ್ಲಿಗೆ ಹೊಡೆದೆ. ಸ್ವಲ್ಪ ಹೊತ್ತು ಹಿಡಿಯಿತು, ಒಡೆಯಿತು. ಇನ್ನೂ ನಾಲ್ಕು ಕಲ್ಲು ತೆಗೆದ ಮೇಲೆ ಕೆಳಗೆಲ್ಲೋ ನೀರು ಹರಿಯುವ ಸದ್ದು ಕೇಳಿಸಿತು, ಮನೆಯ ನೇರ ಅಡಿಯಲ್ಲಿ. ಎಡಗಡೆಯ ಗೋಡೆಗೆ ಮೊದಲ ಪಂಜು ಸಿಕ್ಕಿಸಿ ಇಳಿದಿದ್ದೇನೆ.